ಪೆನ್‌ಡ್ರೈವ್‌ನಲ್ಲಿ ಮರೆತ ಮುದ್ದೆ ಕೋಲು

ನನ್ನ ಹೆಸರಿನಲ್ಲಿ ಒಂದು ಪದ್ಧತಿ ಇದೆ. ಹಾಲಸ್ವಾಮಿ ಪದ್ಧತಿ ಅಂತ. ಹೆಸರಿಟ್ಟವನು ನಾನೇ. ಬೇರೆ ಯಾರಾದರೂ ಇಡಲಿ ಎಂದು ಒಂದು ತಿಂಗಳು ಕಾದೆ, ಯಾರೂ ಇಡಲಿಲ್ಲ. ಕೊನೆಗೆ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ನಾನೇ ಹಾಕಿಕೊಂಡೆ: 'ಒಂದು ಸಲ ಇಳಿಸು, ಎಲ್ಲ ಕಡೆ ಬಡಿಸು. ಹಾಲಸ್ವಾಮಿ ಪದ್ಧತಿ.' ಆರು ಜನ ನೋಡಿದರು. ಅವರಲ್ಲಿ ಒಬ್ಬಳು ನನ್ನ ಹೆಂಡತಿ ಮೇಘಶ್ರೀ. ಅವಳ ಫೋನ್ ತೆಗೆದುಕೊಂಡು ಅವಳ ಪರವಾಗಿ ನೋಡಿದವನೂ ನಾನೇ.

ಚನ್ನಗಿರಿ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಎಡಕ್ಕೆ ಅಡಿಕೆ ಮಂಡಿ, ಬಲಕ್ಕೆ ಜೆರಾಕ್ಸ್ ಅಂಗಡಿ. ಮಂಡಿಯವರ ಪ್ರಿಂಟರ್ ಸರಿಹೋದ ದಿನ ನಾನು ಇಂಜಿನಿಯರ್ರು, ಸರಿಹೋಗದ ದಿನ 'ಆ ಹಾಲಪ್ಪ'. ಹೀಗಿರುವಾಗ ನಮ್ಮ ಭಾಗದ ಒಂದು ವಿದ್ಯಾ ಟ್ರಸ್ಟಿನ ಕಾರ್ಯದರ್ಶಿ ಗುರುಬಸವರಾಜ್ ಅವರು ಯಾವುದೋ ಆಫೀಸಿನವರು ಬೇಡವೆಂದು ಬಿಟ್ಟ ನಲವತ್ತು ಹಳೆಯ ಕಂಪ್ಯೂಟರ್‌ಗಳನ್ನು ಗಿಟ್ಟಿಸಿಕೊಂಡು ಬಂದರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ತಾಲ್ಲೂಕಿನ ಸವಳಂಗ, ಜಗಳೂರು ತಾಲ್ಲೂಕಿನ ಬಿಳಿಚೋಡು, ಈ ನಾಲ್ಕು ಊರುಗಳ ವಾಚನಾಲಯಗಳಿಗೆ ತಲಾ ಹತ್ತು. ಹಳೆಯ ಯಂತ್ರ, ಪುಕ್ಕಟೆ ಲಿನಕ್ಸ್. ಅದರ ಮೇಲೆ ಕನ್ನಡ ಕೀಲಿಮಣೆ, ಟೈಪಿಂಗ್ ಅಭ್ಯಾಸ, ಪತ್ರ ಬರೆಯುವ ತಂತ್ರಾಂಶ, ಜೊತೆಗೆ ಕಣ್ಣು ಕಾಣದವರಿಗಾಗಿ ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ, ಇಷ್ಟನ್ನೂ ಹಾಕಿಕೊಡುವ ಕೆಲಸ ನನ್ನದು.

"ವಾಚನಾಲಯದಾಗೆ ನೆಟ್ಟು ಭಾಳ ನಿಧಾನ ಐತೆ ಹಾಲಸ್ವಾಮಿ. ನಲವತ್ತಕ್ಕೂ ಹಾಕಾಕೆ ಎಷ್ಟು ದಿನ ಹಿಡೀತೈತಪ್ಪಾ?" ಎಂದು ಅವರು ಕೇಳಿದರು.

"ನಾಕೇ ದಿನ ಸಾರ್. ಊರಿಗೊಂದು ದಿನ" ಎಂದೆ.

ಅವರ ಹುಬ್ಬು ಮೇಲೇರಿತು. ನನಗೆ ಬೇಕಾಗಿದ್ದೂ ಅದೇ. ಮದುವೆ ಮನೆಯಲ್ಲಿ ಒಬ್ಬೊಬ್ಬ ನೆಂಟನಿಗೂ ಒಂದೊಂದು ಒಲೆ ಹಚ್ಚುತ್ತಾರೆಯೇ ಎಂದು ಶುರುಮಾಡಿ ಅವರಿಗೆ ನನ್ನ ಪದ್ಧತಿಯನ್ನು ಇಪ್ಪತ್ತು ನಿಮಿಷ ವಿವರಿಸಿದೆ. ಇರುವುದು ಎರಡೇ ನಿಮಿಷದ ವಿಷಯ. ನನ್ನ ಲ್ಯಾಪ್‌ಟಾಪಿನಲ್ಲೂ ಅದೇ ಲಿನಕ್ಸ್, ಅದೇ ಆವೃತ್ತಿ. ಅಂಗಡಿಯ ಒಳ್ಳೆಯ ನೆಟ್‌ನಲ್ಲಿ ಬೇಕಾದ್ದನ್ನೆಲ್ಲ ಅದಕ್ಕೆ ಒಮ್ಮೆ ಹಾಕಿಕೊಂಡರೆ, ಇಳಿದು ಬಂದ ಕಡತಗಳ ಒಂದೊಂದು ಪ್ರತಿ ಒಂದು ಫೋಲ್ಡರಿನಲ್ಲಿ ಉಳಿದಿರುತ್ತದೆ. ಆ ಫೋಲ್ಡರನ್ನು ಪೆನ್‌ಡ್ರೈವ್‌ಗೆ ತುಂಬಿಕೊಂಡು ಊರಿಂದೂರಿಗೆ ಹೋಗುವುದು, ಒಂದೊಂದು ಕಂಪ್ಯೂಟರಿಗೂ ಚುಚ್ಚುವುದು, ಒಂದು ಕಮಾಂಡ್ ಟೈಪ್ ಮಾಡುವುದು. ಮತ್ತೆ ಮತ್ತೆ ಇಳಿಸುವ ಗೋಳಿಲ್ಲ.

ಪದ್ಧತಿ ಇಂದಿಗೂ ಸರಿಯೇ. ಕೆಟ್ಟದ್ದು ಅದಕ್ಕೆ ನನ್ನ ಹೆಸರು ಸೇರಿದ ಮೇಲೆ.

ನನಗೊಂದು ಕೆಟ್ಟ ಚಾಳಿ ಇದೆ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕಮಾಂಡ್ ಟೈಪ್ ಮಾಡುವಾಗ ಒಂದೊಂದು ಅಕ್ಷರವನ್ನೂ ಬಾಯಲ್ಲಿ ಹೇಳುತ್ತೇನೆ. ಎಸ್, ಯು, ಡಿ, ಓ, ಸ್ಪೇಸ್, ಹೀಗೆ. ಕೊನೆಯಲ್ಲಿ ಎಂಟರ್ ಒತ್ತುವ ಮುಂಚೆ ತಪ್ಪದೇ 'ಶಿವಾ' ಅನ್ನುತ್ತೇನೆ. ಎಲ್ಲ ಯಂತ್ರಗಳಿಗೂ ಇಟ್ಟಿದ್ದ ಒಂದೇ ಪಾಸ್‌ವರ್ಡನ್ನು ಕೂಡ ಹೀಗೇ ಹೇಳಿಕೊಂಡು ಟೈಪ್ ಮಾಡುವುದರಿಂದ ನಾಲ್ಕು ತಾಲ್ಲೂಕಿನಲ್ಲಿ ನನ್ನ ಗುಟ್ಟು ಗೊತ್ತಿಲ್ಲದ ವಾಚನಾಲಯವಿಲ್ಲ. "ನೀವು ಟೈಪ್ ಮಾಡ್ತೀರೋ ಮಂತ್ರ ಹೇಳ್ತೀರೋ?" ಎಂದು ಮೇಘಶ್ರೀ ಕೇಳುತ್ತಿರುತ್ತಾಳೆ. ದೊಡ್ಡ ಕೆಲಸಗಾರರಿಗೆ ಇಂಥ ಅಭ್ಯಾಸಗಳಿರುತ್ತವೆ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ.

ಮಂಗಳವಾರ ಚನ್ನಗಿರಿ, ಬುಧವಾರ ಹೊನ್ನಾಳಿ, ಗುರುವಾರ ಸವಳಂಗ. ಮೂರು ದಿನ, ಮೂವತ್ತು ಕಂಪ್ಯೂಟರ್, ಒಂದೇ ಪೆನ್‌ಡ್ರೈವ್. ಟ್ರಸ್ಟಿನವರು ಒಂದು ರಿಜಿಸ್ಟರ್ ಕೊಟ್ಟಿದ್ದರು. ಒಂದೊಂದು ಯಂತ್ರಕ್ಕೂ ಒಂದೊಂದು ಸಾಲು, ಕೊನೆಯ ಕಾಲಮಿನಲ್ಲಿ 'ಪರೀಕ್ಷಿಸಲಾಗಿದೆ' ಎಂದು ಬರೆದು ಸಹಿ ಮಾಡಬೇಕು. ಮೂವತ್ತು ಸಲ ಬರೆದು ಮೂವತ್ತು ಸಹಿ ಹಾಕಿದೆ. ಓದಿ ಹೇಳುವ ತಂತ್ರಾಂಶವನ್ನು ಪರೀಕ್ಷಿಸಿದ್ದು ಹೇಗೆ ಎಂದರೆ, ಅದರ ಕಿಟಕಿ ತೆರೆದುಕೊಳ್ಳುತ್ತದೆಯೇ ಎಂದು ನೋಡಿದೆ. ತೆರೆದುಕೊಂಡಿತು. ಧ್ವನಿ ಬರುತ್ತದೆಯೇ ಎಂದು ಕೇಳಿ ನೋಡಲಿಲ್ಲ. ಗೋಡೆಯ ಮೇಲೆ 'ನಿಶ್ಶಬ್ದವಾಗಿರಿ' ಎಂದು ಬೋರ್ಡಿತ್ತು, ಕೆಳಗೆ ನಾಲ್ಕು ಜನ ಹಿರಿಯರು ಪೇಪರ್ ಓದುತ್ತಿದ್ದರು. ಅಂಥ ಕಡೆ ಕಂಪ್ಯೂಟರನ್ನು ಮಾತಾಡಿಸುವುದು ಸಭ್ಯತೆಯಲ್ಲ ಎಂದುಕೊಂಡೆ. ಸೋಮಾರಿತನಕ್ಕೆ ಸಭ್ಯತೆಯ ಹೆಸರು ಕೊಟ್ಟರೆ ಕೆಲಸ ಎಷ್ಟು ಬೇಗ ಮುಗಿಯುತ್ತದೆ ನೋಡಿ.

ಶುಕ್ರವಾರ ಗುರುಬಸವರಾಜ್ ಅವರ ಫೋನ್ ಬಂತು.

"ನಾಳೆ ಬಿಳಿಚೋಡಿಗೆ ಹೋಗ್ತೀಯಲ್ಲ, ಅಲ್ಲಿ ರಕ್ಷಾ ಅಂತ ಒಬ್ಬ ಹುಡುಗಿ ಅದಾಳೆ. ಕಣ್ಣು ಕಾಣಂಗಿಲ್ಲ. ದಾವಣಗೆರೆ ಹಾಸ್ಟೆಲ್‌ನಾಗಿದ್ದು ಡಿಗ್ರಿ ಮಾಡ್ಯಾಳೆ. ಬಿಳಿಚೋಡು ಕೇಂದ್ರಕ್ಕೆ ಕಲಿಸೋರ ಕೆಲಸಕ್ಕೆ ಅರ್ಜಿ ಹಾಕ್ಯಾಳೆ. ಕಮಿಟಿಯೋರು, ಕಾಣದೋಳು ಮಕ್ಕಳಿಗೆ ಕಂಪ್ಯೂಟರ್ ಹೆಂಗೆ ಕಲಿಸ್ತಾಳೆ ಅಂತಾರೆ. ನಾನು, ಪರೀಕ್ಷೆ ಇಡೋಣ ಅಂದೆ. ಸೋಮವಾರ ಹೊನ್ನಾಳಿ ಕೇಂದ್ರದಾಗೆ. ಕಂಪ್ಯೂಟರ್ ಹಚ್ಚಿ ಅರ್ಧ ಗಂಟೇಲಿ ಒಂದು ಕನ್ನಡ ಪತ್ರ ಟೈಪ್ ಮಾಡ್ಬೇಕು. ಮಾಡಿದ್ರೆ ಕೆಲಸ ಅವಳದು, ಇಲ್ಲಾಂದ್ರೆ ಬೇರೆಯೋರು. ಪರೀಕ್ಷೆ ಮಾಡೋನು ನೀನೇ."

ಪರೀಕ್ಷಕ! ಅಲ್ಪನಿಗೆ ಐಶ್ವರ್ಯ ಬಂದರೆ ಏನು ಮಾಡುತ್ತಾನೋ ಅದನ್ನೆಲ್ಲ ಮಾಡಿದೆ. ಸೋಮವಾರಕ್ಕೆ ಇಸ್ತ್ರಿ ಮಾಡಿದ ಅಂಗಿ ತೆಗೆದಿಟ್ಟೆ, ಮಂಡಿಯವರಿಗೂ ಜೆರಾಕ್ಸಿನವರಿಗೂ ಹೇಳಿಬಂದೆ.

ಶನಿವಾರ ದಾವಣಗೆರೆಯಲ್ಲಿ ಬಸ್ ಬದಲಿಸಿ ಬಿಳಿಚೋಡಿನಲ್ಲಿ ಇಳಿದಾಗ ಹತ್ತೂವರೆ. ವಾಚನಾಲಯದ ಮುಂದೆ ಮೂವರು ಕಾಯುತ್ತಿದ್ದರು. ರಕ್ಷಾ, ಅವಳ ತಂದೆ ಗಾರೆ ಕೆಲಸದ ತಿಪ್ಪೇರುದ್ರ, ತಂದೆಯ ತಾಯಿ ಅಂತರಘಟ್ಟಮ್ಮ. ರಕ್ಷಾಳಿಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಇರಬೇಕು. ನಾನು ಅವಳ ಹತ್ತಿರ ಹೋಗಿ ಗಂಟಲು ಹರಿಯುವ ಹಾಗೆ "ನಾನು ಹಾಲಸ್ವಾಮಿ! ಚನ್ನಗಿರಿಯಿಂದ!" ಎಂದು ಕೂಗಿದೆ.

"ಕಿವಿ ಚೆನ್ನಾಗಿ ಕೇಳ್ತಾವೆ ಸಾರ್" ಎಂದಳು ಅವಳು.

ಒಳಗೆ ಹೋದ ಮೇಲೆ ನನಗೆ ಇನ್ನೊಂದು ವಿಷಯ ತಿಳಿಯಿತು. ರಸ್ತೆ ಅಗೆಯುವಾಗ ನೆಲದೊಳಗಿನ ಕೇಬಲ್ ಕಿತ್ತುಹೋಗಿ ಎರಡು ದಿನದಿಂದ ಊರಿನಲ್ಲಿ ಯಾರ ಫೋನಿನಲ್ಲೂ ನೆಟ್ ಇಲ್ಲ. "ಇವತ್ತು ಆಗಲ್ವೇನೋ ಸಾರ್?" ಎಂದ ತಿಪ್ಪೇರುದ್ರ. ನಾನು ನಕ್ಕೆ. ಪೆನ್‌ಡ್ರೈವ್ ತೆಗೆದು ಅವನ ಮುಖದ ಮುಂದೆ ಹಿಡಿದೆ. "ನೆಟ್ಟು ಯಾರಿಗೆ ಬೇಕು ರುದ್ರಣ್ಣ? ಹೊನ್ನಾಳಿ, ಸವಳಂಗ, ಚನ್ನಗಿರಿ, ಮೂರೂ ಊರಿಗೆ ಇದೊಂದೇ ಪೆನ್‌ಡ್ರೈವ್ ಹಾಕಿ ಬಂದೀನಿ" ಎಂದೆ.

ರಕ್ಷಾ ಮೊದಲ ಕಂಪ್ಯೂಟರಿನ ಮುಂದೆ ಕೂತಿದ್ದಳು. ಪಕ್ಕದಲ್ಲಿ ನಿಂತು ಎಸ್, ಯು, ಡಿ, ಓ ಎಂದು ಶುರುಮಾಡಿ, ಶಿವಾ, ಎಂಟರ್. ಪರದೆಯ ಮೇಲೆ ಸಾಲುಗಳು ಓಡಿದವು. ಒಂದೇ ಒಂದು ತಕರಾರಿಲ್ಲ. ಓದಿ ಹೇಳುವ ತಂತ್ರಾಂಶದ ಕಿಟಕಿ ತೆರೆದುಕೊಂಡಿತು. "ಹ್ಞೂಂ, ಈಗ ನೋಡಮ್ಮ" ಎಂದೆ. ನೋಡಮ್ಮ ಅಂದದ್ದಕ್ಕೆ ನಾಲಿಗೆ ಕಚ್ಚಿಕೊಂಡೆ.

ಅವಳು ಕೀಲಿ ಒತ್ತಿದಳು. ಮತ್ತೊಂದು ಒತ್ತಿದಳು. ತಲೆ ಸ್ವಲ್ಪ ವಾಲಿಸಿ ಕಾದಳು. ಏನೂ ಇಲ್ಲ.

"ಸ್ಪೀಕರ್ ಇರ್ಬೇಕು" ಎಂದೆ. ಸ್ಪೀಕರ್ ಬದಲಿಸಿದೆ. ಧ್ವನಿ ನೂರಕ್ಕೆ ಏರಿಸಿದೆ. ಕಂಪ್ಯೂಟರ್ ಆರಿಸಿ ಹಚ್ಚಿದೆ. ಎರಡನೆಯದಕ್ಕೆ ಹಾಕಿದೆ, ಮೂರನೆಯದಕ್ಕೆ ಹಾಕಿದೆ. ಪೆನ್‌ಡ್ರೈವ್ ತೆಗೆದು ಅದರ ಬಾಯಿಗೆ ಉಫ್ ಎಂದು ಊದಿದೆ. ಇಪ್ಪತ್ತು ವರ್ಷ ಕಂಪ್ಯೂಟರ್ ರಿಪೇರಿ ಮಾಡಿದವನ ಕೊನೆಯ ಅಸ್ತ್ರ ಊದುವುದು ಎಂಬುದು ಗಿರಾಕಿಗಳಿಗೆ ಗೊತ್ತಾಗಬಾರದು.

ಆಗ ರಕ್ಷಾ ಕೇಳಿದಳು. "ಸಾರ್, ಹಾಸ್ಟೆಲ್‌ನಾಗೆ ನಮ್ ಮೇಡಂ ಹೇಳ್ತಿದ್ರು. ಓದೋದು ಒಂದು ಪ್ರೋಗ್ರಾಂ, ಮಾತಾಡೋದು ಇನ್ನೊಂದು. ಓದೋದು ಐತೆ ಅಂತೀರಿ. ಮಾತಾಡೋದು ಐತಾ?"

ಹುಡುಕಿದೆ. ಇರಲಿಲ್ಲ. ಓದುವವನು ಬಂದಿದ್ದ, ಅವನ ಗಂಟಲು ಬಂದಿರಲಿಲ್ಲ. ಗಂಟಲು ಇಲ್ಲದಿದ್ದರೂ ಅವನು ತಕರಾರು ಮಾಡುವವನಲ್ಲ, ಮೂಕನಾಗಿ ಕೂತಿರುತ್ತಾನೆ. ಆದರೆ ನನ್ನ ಲ್ಯಾಪ್‌ಟಾಪಿನಲ್ಲಿ ಇದೇ ತಂತ್ರಾಂಶ ಚೆನ್ನಾಗಿ ಮಾತಾಡುತ್ತದೆ! ಹಾಗಿದ್ದ ಮೇಲೆ ನಕಲು ಮಾಡುವಾಗ ಒಂದು ಕಡತ ಬಿಟ್ಟುಹೋಗಿರಬೇಕು ಎಂದು ತೀರ್ಮಾನಿಸಿದೆ. ಜಗಳೂರಿಗೆ ಹೋದರೆ ನೆಟ್ ಸಿಗುತ್ತದೆ, ಅದೊಂದನ್ನು ಇಳಿಸಿಕೊಂಡು ಬಂದರಾಯಿತು.

ತಿಪ್ಪೇರುದ್ರನ ಬೈಕಿನ ಹಿಂದೆ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಕೂತೆ. ಜಗಳೂರು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಫೋನಿನ ನೆಟ್ ಕೊಟ್ಟು ಲ್ಯಾಪ್‌ಟಾಪಿಗೆ ಆ ಗಂಟಲನ್ನು ತರಲು ಹೇಳಿದೆ. ಅದು ತಕ್ಷಣ ಉತ್ತರ ಕೊಟ್ಟಿತು: ಇದು ಈಗಾಗಲೇ ಇದೆ, ಇಳಿಸಬೇಕಾದದ್ದು ಸೊನ್ನೆ.

"ನೋಡಿದ್ಯಾ ರುದ್ರಣ್ಣ! ಎಲ್ಲಾ ಐತಂತೆ" ಎಂದೆ. ಫೋಲ್ಡರನ್ನು ಇನ್ನೊಮ್ಮೆ, ಈ ಸಲ ಬಹಳ ಎಚ್ಚರಿಕೆಯಿಂದ ನಕಲು ಮಾಡಿದೆ. ಇಬ್ಬರೂ ಮಂಡಕ್ಕಿ ಮಿರ್ಚಿ ತಿಂದೆವು. ವಾಪಸ್ ಬಂದು ಹಾಕಿದೆ. ಶಿವಾ, ಎಂಟರ್. ಮೌನ. ಹಳೆಯ ಕಡತಗಳನ್ನೇ ನಲವತ್ತು ಕಿಲೋಮೀಟರ್ ಮೆರವಣಿಗೆ ಮಾಡಿಸಿಕೊಂಡು ಬಂದಿದ್ದೆ.

ಗಂಟೆ ಎರಡಾಗಿತ್ತು. ಇಂಗು ತಿಂದ ಮಂಗನ ಹಾಗೆ ಕೂತೆ. ರಕ್ಷಾ ಕೀಲಿಮಣೆಯ ಮೇಲೆ ಬೆರಳಾಡಿಸುತ್ತಿದ್ದಳು, ಒತ್ತದೆ, ಅಕ್ಷರಗಳ ಜಾಗವನ್ನು ನೆನಪು ಮಾಡಿಕೊಳ್ಳುವ ಹಾಗೆ. "ಎರಡು ವರ್ಷ ಆಯ್ತು ಸಾರ್ ಮುಟ್ಟಿ. ಇವತ್ತು ನಾಳೆ ಎರಡು ದಿನ ಸಿಕ್ಕಿದ್ರೆ ಕೈ ಕುದುರ್ತಿತ್ತು" ಎಂದಳು. ದೂರಲಿಲ್ಲ. ದೂರಿದ್ದರೆ ನಾನು ಜಗಳವಾಡಿಯಾದರೂ ಹಗುರಾಗುತ್ತಿದ್ದೆ.

ಬಾಗಿಲ ಹತ್ತಿರ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಅಂತರಘಟ್ಟಮ್ಮ ಕೇಳಿದಳು. "ಮೇಷ್ಟ್ರೇ, ಏನೈತೆ, ಏನಿಲ್ಲ ಅಂತ ಚೀಟಿ ಎಲ್ಲಿ ಕೂತು ಬರೆದ್ರಿ?"

"ಚೀಟಿ ಏನೂ ಇಲ್ಲ ಅಜ್ಜಿ. ನನ್ ಲ್ಯಾಪ್‌ಟಾಪ್‌ಗೆ ಏನೇನು ಇಳೀತೋ ಅದನ್ನೇ ತಂದೀನಿ."

"ಅದು ನಿಮ್ ಮನಿ ಇದ್ದಂಗಲ್ವಾ? ತುಂಬಿದ ಮನಿ."

"ಹೌದು, ಅದ್ರಾಗೆ ಎಲ್ಲಾ ಐತೆ."

"ಹಂಗಾದ್ರೆ ಮುದ್ದೆ ಕೋಲು ಬಿಟ್ಟು ಬಂದೀರಿ" ಎಂದಳು ಅಜ್ಜಿ.

ನನಗೆ ಅರ್ಥವಾಗಲಿಲ್ಲ. ಅವಳು ಅಡಿಕೆಯನ್ನು ಇನ್ನೊಂದು ದವಡೆಗೆ ದಾಟಿಸಿ ಹೇಳಿದಳು. "ನಾವು ನಿಮ್ ಕಡೇಗೇ ಅಡಿಕೆ ಸುಲಿಯಾಕೆ ಬರ್ತಿದ್ವಿ, ಹದಿನೈದು ಜನ. ಅಲ್ಲಿ ಒಂದು ಖಾಲಿ ಶೆಡ್ಡು ಕೊಡ್ತಾರೆ. ಮೊದಲ್ನೇ ವರ್ಷ ಮನೇಲಿ ಕೂತ್ಕಂಡೇ ಗಂಟು ಕಟ್ಟಿದ್ವಿ. ಹಿಟ್ಟು ತಗಂಡ್ವಿ, ಗಡಿಗೆ ತಗಂಡ್ವಿ, ಎಲ್ಲಾ ತಗಂಡ್ವಿ. ಹೋಗಿ ನೋಡಿದ್ರೆ ಮುದ್ದೆ ಕೋಲಿಲ್ಲ. ಉಪ್ಪಿಲ್ಲ. ಯಾಕೆ? ಮನೇಲಿ ಅವು ಯಾವಾಗ್ಲೂ ಇರ್ತಾವಲ್ಲ, ಇಲ್ಲ ಅಂತ ಅನ್ನಿಸೋದೇ ಇಲ್ಲ. ವಾರ ಪೂರ್ತಿ ಸಪ್ಪನೆ ಅಂಬಲಿ ಕುಡಿದ್ವಿ. ಆಮೇಲಿಂದ ಒಬ್ಬಾಕೆ ಒಂದಿನ ಮುಂಚೆ ಹೋಗ್ತಿದ್ಲು. ಖಾಲಿ ಶೆಡ್ಡಿನಾಗೆ ಕುಂತು ಮನಸ್ನಾಗೇ ಒಲೆ ಹಚ್ಚಿ ಮುದ್ದೆ ತಿರುವೋಳು. ಕೈ ಚಾಚಿದಾಗ ಏನು ಸಿಗಲ್ವೋ ಅದನ್ನ ಬರ್ಕಂಡು ಕಳ್ಸೋಳು. ಖಾಲಿ ಮನೇನೇ ಕೇಳ್ಬೇಕು ಮೇಷ್ಟ್ರೇ, ನಿಂಗೇನು ಬೇಕವ್ವಾ ಅಂತ."

ಈಗ ಅರ್ಥವಾಯಿತು. ನನ್ನ ಲ್ಯಾಪ್‌ಟಾಪಿನಲ್ಲಿ ಗಂಟಲು ಮೊದಲ ದಿನದಿಂದಲೇ ಇತ್ತು. ಇದ್ದದ್ದನ್ನು ಅದು ಮತ್ತೆ ಇಳಿಸಲಿಲ್ಲ. ಇಳಿಯದ್ದು ಫೋಲ್ಡರಿಗೆ ಬರಲಿಲ್ಲ. ಫೋಲ್ಡರಿಗೆ ಬಾರದ್ದು ಪೆನ್‌ಡ್ರೈವ್‌ಗೆ ಬರಲಿಲ್ಲ. ಶಾಲೆ ಮೆಟ್ಟಿಲು ಹತ್ತದ ಅಜ್ಜಿ ಹದಿನೈದು ಜನರ ಅಂಬಲಿಯಿಂದ ಕಲಿತದ್ದನ್ನು ನಾನು ಡಿಪ್ಲೊಮಾ ಮಾಡಿಯೂ ಕಲಿತಿರಲಿಲ್ಲ. ನಾಚಿಕೆಯಾಯಿತು. ಆದರೆ ನಾಚಿಕೆಪಡುತ್ತ ಕೂರಲು ಹೊತ್ತಿರಲಿಲ್ಲ.

ವಾಚನಾಲಯದ ಕಂಪ್ಯೂಟರನ್ನೇ ಕೇಳಿದೆ. ಮಾತಾಡಲು ನಿನಗೆ ಏನೇನು ಬೇಕು, ತರಲು ಹೋಗಬೇಡ, ಎಲ್ಲಿ ಸಿಗುತ್ತದೆ ಎಂದು ವಿಳಾಸವಷ್ಟೇ ಹೇಳು, ಎನ್ನುವ ಕಮಾಂಡ್ ಒಂದಿದೆ. ಹಾಗೊಂದಿದೆ ಎಂದು ನನಗೆ ಹತ್ತು ವರ್ಷದಿಂದ ಗೊತ್ತು. ಯಂತ್ರ ಹನ್ನೊಂದು ಸಾಲು ಬರೆದುಕೊಟ್ಟಿತು. ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಮತ್ತೆ ಬೈಕು, ಮತ್ತೆ ಜಗಳೂರು, ಅದೇ ಹೋಟೆಲು. ಮಾಲೀಕರು ಮತ್ತೆ ಮಿರ್ಚಿ ತಂದಿಟ್ಟರು. ಈ ಸಲ ತಿನ್ನಲಿಲ್ಲ. ಚೀಟಿಯಲ್ಲಿದ್ದ ಹನ್ನೊಂದನ್ನೂ ಒಂದೊಂದಾಗಿ ಇಳಿಸಿಕೊಂಡು ಎಣಿಸಿಕೊಂಡು ಬಂದೆ.

ನಾಲ್ಕೂವರೆಗೆ ಮೊದಲ ಕಂಪ್ಯೂಟರ್ ಮಾತಾಡಿತು. ಒರಟು ಧ್ವನಿ, ಏರಿಳಿತವಿಲ್ಲ, ಕನ್ನಡವನ್ನು ಕಬ್ಬಿಣದ ಕಡಲೆಯ ಹಾಗೆ ಅಗಿಯುತ್ತದೆ. ಆದರೂ ಅಷ್ಟು ಚೆಂದದ ಮಾತನ್ನು ನಾನು ಆ ವಾರವೆಲ್ಲ ಕೇಳಿರಲಿಲ್ಲ. ರಕ್ಷಾ ನಗಲಿಲ್ಲ, ಧನ್ಯವಾದ ಹೇಳಲಿಲ್ಲ. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಟೈಪ್ ಮಾಡಲು ಶುರುಮಾಡಿದಳು. ಮೊದಲು ತಪ್ಪು, ಅಳಿಸುವುದು, ಮತ್ತೆ ತಪ್ಪು. ಹತ್ತು ನಿಮಿಷದಲ್ಲಿ ಕೈ ಕುದುರುತ್ತ ಬಂತು. ತಿಪ್ಪೇರುದ್ರ ಆ ಕಡೆ ತಿರುಗಿ ಗೋಡೆಯ ಮೇಲಿದ್ದ ಭೂಪಟವನ್ನು ತುಂಬ ಹೊತ್ತು ನೋಡುತ್ತ ನಿಂತ. ನನ್ನ ಕಣ್ಣೂ ಒದ್ದೆಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಉಳಿದ ಒಂಬತ್ತಕ್ಕೆ ಹಾಕುವಾಗ ರಕ್ಷಾ ನನ್ನ ಪಕ್ಕದಲ್ಲೇ ನಿಂತಿದ್ದಳು. "ಸಾರ್, ಸ್ವಲ್ಪ ಗಟ್ಟಿಯಾಗಿ ಹೇಳ್ರಿ" ಎಂದಳು. ಹೇಳಿದೆ. "ಇನ್ನೊಂದ್ ಸಲ." ನನ್ನ ಕೆಲಸದ ಶೈಲಿಗೆ ಇಷ್ಟು ಗೌರವ ಕೊಟ್ಟವರು ಯಾರೂ ಇಲ್ಲ ಎಂದು ಉಬ್ಬಿ, ಒಂಬತ್ತು ಸಲವೂ ನಾಟಕದ ಸಂಭಾಷಣೆಯ ಹಾಗೆ ಹೇಳಿದೆ, ಶಿವನನ್ನೂ ಸೇರಿಸಿ. ಹೊರಡುವಾಗ ಅವಳು ತನ್ನ ಬ್ಯಾಗಿನಿಂದ ಒಂದು ಪೆನ್‌ಡ್ರೈವ್ ತೆಗೆದಳು. "ಇದಕ್ಕೂ ಹಾಕಿ ಕೊಡ್ರಿ ಸಾರ್, ಈ ಹನ್ನೊಂದನ್ನ."

"ನಿಂಗ್ಯಾಕಮ್ಮ? ಇಲ್ಲಿ ಹತ್ತೂ ಆದ್ವು. ಹೊನ್ನಾಳೀವು ಬುಧವಾರವೇ ರೆಡಿ ಮಾಡೀನಿ" ಎಂದೆ.

"ಇರ್ಲಿ ಸಾರ್. ಊರಿಗೆ ಹೋಗೋರು ಬುತ್ತಿ ಕಟ್ಕಂತಾರಲ್ಲ, ಹಂಗೆ."

ಹಾಕಿಕೊಟ್ಟೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಗಾಳಿಗೆ ಮುಖವೊಡ್ಡಿ, ಈ ದಿನದ ಕಥೆಯನ್ನು ನಾನೇ ನಾಯಕನಾಗುವ ಹಾಗೆ ಹೇಗೆ ಹೇಳಬಹುದು ಎಂದು ಯೋಚಿಸುತ್ತ ಊರಿಗೆ ಬಂದೆ. ಭಾನುವಾರ ಮಂಡಿಯವರಿಗೆ ಹಾಗೆಯೇ ಹೇಳಿದೆ.

ಸೋಮವಾರ ಹನ್ನೊಂದು ಗಂಟೆ, ಹೊನ್ನಾಳಿ ವಾಚನಾಲಯ. ಗುರುಬಸವರಾಜ್ ಅವರು, ಕಮಿಟಿಯ ಇಬ್ಬರು ಹಿರಿಯರು, ಇಸ್ತ್ರಿ ಅಂಗಿಯ ನಾನು. ರಕ್ಷಾ ಮೂರನೆಯ ಕಂಪ್ಯೂಟರಿನ ಮುಂದೆ ಕೂತಳು. ಪತ್ರದ ವಿಷಯವನ್ನು ಕಾರ್ಯದರ್ಶಿಯವರೇ ಹೇಳಿದರು: ನಿಮ್ಮ ಕೇಂದ್ರದ ಯಾವುದಾದರೂ ಒಂದು ಕೊರತೆಯ ಬಗ್ಗೆ ಟ್ರಸ್ಟಿಗೆ ಪತ್ರ. ನಾನು ಗಡಿಯಾರ ನೋಡಿ, ಗತ್ತಿನಿಂದ, "ಶುರು" ಎಂದೆ.

ಅವಳು ಕೀಲಿ ಒತ್ತಿದಳು. ತಲೆ ವಾಲಿಸಿ ಕಾದಳು.

ಮೌನ.

ಆ ಮೌನ ನನಗೆ ಪರಿಚಯದ್ದು. ಶನಿವಾರ ಬೆಳಗಿನಿಂದ ನಾಲ್ಕೂವರೆಯವರೆಗೆ ಅದರ ಜೊತೆ ಕೂತಿದ್ದೆ. ಆಗ ಹೊಳೆಯಿತು: ಇಲ್ಲಿಗೂ ಅದೇ ಪೆನ್‌ಡ್ರೈವ್! ಹೊನ್ನಾಳಿಯ ಹತ್ತು, ಸವಳಂಗದ ಹತ್ತು, ಚನ್ನಗಿರಿಯ ಹತ್ತು. ಒಂದು ಸಲ ಇಳಿಸಿ ಎಲ್ಲ ಕಡೆ ಬಡಿಸಿದ್ದೆ, ತಪ್ಪನ್ನೂ ಸೇರಿಸಿಯೇ. ಮೂವತ್ತು ಕಂಪ್ಯೂಟರ್‌ಗಳನ್ನು ಮೂಕ ಮಾಡಿ, ಮೂವತ್ತಕ್ಕೂ ಪರೀಕ್ಷಿಸಲಾಗಿದೆ ಎಂದು ಸಹಿ ಹಾಕಿದ್ದೆ.

ಜೇಬು ಮುಟ್ಟಿಕೊಂಡೆ. ಪೆನ್‌ಡ್ರೈವ್ ಶನಿವಾರದ ಅಂಗಿಯಲ್ಲಿತ್ತು. ಶನಿವಾರದ ಅಂಗಿ ಮೇಘಶ್ರೀ ನೆನೆಹಾಕಿದ ಬಕೆಟ್ಟಿನಲ್ಲಿತ್ತು. ಕಮಿಟಿಯ ಹಿರಿಯರೊಬ್ಬರು ಪಕ್ಕದವರ ಕಿವಿಯಲ್ಲಿ, ಆದರೆ ನಮಗೆಲ್ಲ ಕೇಳುವ ಹಾಗೆ, "ನಾನು ಮೊದ್ಲೇ ಹೇಳಿರ್ಲಿಲ್ವೇನ್ರೀ?" ಎಂದರು. ಬಾಯಿ ತೆರೆದು ತಪ್ಪು ನನ್ನದು ಎಂದು ಹೇಳಬೇಕು. ಹೇಳಬೇಕು ಎಂದುಕೊಂಡೆ. ಹೇಳುವ ಬದಲು ಪರೀಕ್ಷಕನ ಹಾಗೆ ಗಡಿಯಾರ ನೋಡುತ್ತ ನಿಂತೆ. ಎರಡು ನಿಮಿಷ ಕಳೆಯಿತು. ನನ್ನ ಬಗ್ಗೆ ನನಗೆ ಅಷ್ಟು ಅಸಹ್ಯ ಹಿಂದೆಂದೂ ಆಗಿರಲಿಲ್ಲ.

ರಕ್ಷಾ ಬ್ಯಾಗಿಗೆ ಕೈ ಹಾಕಿದಳು. ಪೆನ್‌ಡ್ರೈವ್ ತೆಗೆದಳು. ಕಂಪ್ಯೂಟರಿನ ಮೈಮೇಲೆ ಬೆರಳಾಡಿಸಿ ಜಾಗ ಹುಡುಕಿ ಚುಚ್ಚಿದಳು. ಮೂರು ಕೀಲಿ ಒಟ್ಟಿಗೆ ಒತ್ತಿ, ಕಮಾಂಡ್ ಬರೆಯುವ ಕಪ್ಪು ಕಿಟಕಿಯನ್ನು ತೆರೆದಳು. ಆಮೇಲೆ ಗಟ್ಟಿಯಾಗಿ, ಒಂದೊಂದೇ ಅಕ್ಷರ:

"ಎಸ್, ಯು, ಡಿ, ಓ, ಸ್ಪೇಸ್..."

ಅದು ನನ್ನ ಧಾಟಿ. ಎಲ್ಲಿ ನಿಲ್ಲಿಸುತ್ತೇನೋ ಅಲ್ಲಿ ನಿಲ್ಲಿಸುತ್ತ, ಎಲ್ಲಿ ಕೆಮ್ಮುತ್ತೇನೋ ಅಲ್ಲಿ ಸಣ್ಣಗೆ ಕೆಮ್ಮುತ್ತ. ಪಾಸ್‌ವರ್ಡ್ ಬಂದಾಗ ನನ್ನ ಗುಟ್ಟನ್ನು ಕಮಿಟಿಯ ಮುಂದೆ ಅಕ್ಷರ ಅಕ್ಷರವಾಗಿ ಬಿಚ್ಚಿಟ್ಟಳು. ಕೊನೆಗೆ ಒಂದು ಗಳಿಗೆ ತಡೆದು, "ಶಿವಾ" ಎಂದು ಎಂಟರ್ ಒತ್ತಿದಳು.

ಪರದೆಯ ಮೇಲೆ ಸಾಲುಗಳು ಓಡಿದವು. ಅವಳಿಗೆ ಅವು ಕಾಣುವುದಿಲ್ಲ. ಬೆರಳು ಮಡಚಿ ಮನಸ್ಸಿನಲ್ಲೇ ಎಣಿಸುತ್ತ ಕೂತಳು. ಒಂಬತ್ತು ಸಲ ಕೇಳಿ ಕೇಳಿ, ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನೂ ಅಳತೆ ಮಾಡಿಟ್ಟುಕೊಂಡಿದ್ದಳು. ಆಮೇಲೆ ಕೀಲಿ ಒತ್ತಿದಳು. 'ನಿಶ್ಶಬ್ದವಾಗಿರಿ' ಬೋರ್ಡಿನ ಕೆಳಗೆ ಆ ಒರಟು ಧ್ವನಿ ಗಟ್ಟಿಯಾಗಿ ಮಾತಾಡಿತು. ಪೇಪರ್ ಓದುತ್ತಿದ್ದವರು ತಲೆಯೆತ್ತಿದರು.

ಅರ್ಧ ಗಂಟೆಗೆ ಇನ್ನೂ ನಾಲ್ಕು ನಿಮಿಷ ಇರುವಾಗ ಅವಳು ಕೈ ತೆಗೆದಳು. ಬರೆದದ್ದನ್ನು ಕಂಪ್ಯೂಟರಿನಿಂದಲೇ ಓದಿಸಿದಳು. ನಾವು ನಾಲ್ವರೂ ನಿಂತು ಕೇಳಿದೆವು.

"ಮಾನ್ಯರೇ, ನಮ್ಮ ಬಿಳಿಚೋಡು ಕೇಂದ್ರದಲ್ಲಿ ಸದ್ಯಕ್ಕೆ ಕೊರತೆ ಇಲ್ಲ, ಹತ್ತೂ ಕಂಪ್ಯೂಟರ್‌ಗಳು ಮಾತಾಡುತ್ತವೆ. ಹೊನ್ನಾಳಿಯಲ್ಲಿ ಒಂಬತ್ತು ಮಾತಾಡುವುದಿಲ್ಲ. ಚನ್ನಗಿರಿಯಲ್ಲೂ ಸವಳಂಗದಲ್ಲೂ ಹಾಗೇ ಇರಬಹುದು. ಹಾಕಿದವರ ಕೆಲಸದಲ್ಲಿ ಮೋಸವಿಲ್ಲ. ಚೀಟಿಯನ್ನು ತುಂಬಿದ ಮನೆಯಲ್ಲಿ ಕೂತು ಬರೆದಿದ್ದರು, ಅಷ್ಟೇ. ಬೇಕಾದ ಹನ್ನೊಂದು ಕಡತಗಳು ನನ್ನ ಹತ್ತಿರ ಇವೆ."

ಗುರುಬಸವರಾಜ್ ಅವರು ಮೇಜಿನ ಮೇಲಿದ್ದ ರಿಜಿಸ್ಟರ್ ಬಿಡಿಸಿದರು. "ಇಲ್ಲಿ ಹತ್ತಕ್ಕೂ ಪರೀಕ್ಷಿಸಲಾಗಿದೆ ಅಂತ ಐತೆ. ಯಾರದಿದು ಸಹಿ?"

ಸಹಿ ಅವರಿಗೆ ಗೊತ್ತಿತ್ತು. ಈ ಸಲ ಗಡಿಯಾರ ನೋಡಲಿಲ್ಲ. "ನಂದೇ ಸಾರ್. ಪರೀಕ್ಷೆ ಮಾಡಿರ್ಲಿಲ್ಲ. ಕಿಟಕಿ ತೆರೀತು ಅಂತ ಸಹಿ ಹಾಕ್ದೆ. ಮೂವತ್ತೂ ಹಂಗೇ" ಎಂದೆ.

ಅವರು ಬಯ್ಯಲಿಲ್ಲ. ಕಮಿಟಿಯವರ ಕಡೆ ತಿರುಗಿ, "ಏನ್ರಪ್ಪಾ, ಕಾಣೋರು ಮಾಡಿದ್ದನ್ನ ಕಾಣದೋಳು ಸರಿ ಮಾಡಿದ್ಲು. ಇನ್ನೇನು ಕೇಳ್ತೀರಿ?" ಎಂದರು. 'ನಾನು ಮೊದ್ಲೇ ಹೇಳಿರ್ಲಿಲ್ವೇನ್ರೀ' ಎಂದಿದ್ದ ಹಿರಿಯರು, ಇವಳು ಗೆಲ್ಲುತ್ತಾಳೆ ಎಂದೇ ತಾವು ಹೇಳಿದ್ದು ಎನ್ನುವ ಹಾಗೆ ತಲೆಯಾಡಿಸಿದರು. ಕೆಲಸ ಅವಳದಾಯಿತು.

ಎಲ್ಲರೂ ಚಹಾಕ್ಕೆ ಹೊರಗೆ ಹೋದ ಮೇಲೆ ನಾನು ಅವಳನ್ನು ಕೇಳಿದೆ. "ಇಲ್ಲೀವು ಮೂಕ ಅದಾವೆ ಅಂತ ನಿಂಗೆ ಶನಿವಾರನೇ ಗೊತ್ತಿತ್ತಾ?"

"ಮೂರೂ ಊರಿಗೆ ಒಂದೇ ಪೆನ್‌ಡ್ರೈವ್ ಅಂತ ನೀವೇ ಹೇಳಿದ್ರಲ್ಲ ಸಾರ್, ಬಂದ ತಕ್ಷಣ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳ್ಬೋದಿತ್ತು. ನೀವು ಭಾಳ ಖುಷಿಯಾಗಿದ್ರಿ" ಎಂದಳು. ಆಮೇಲೆ, "ಆ ಶಿವಾ ಅನ್ನೋದು ಕಮಾಂಡಿನಾಗೇ ಬರ್ತೈತಾ ಸಾರ್, ಇಲ್ಲ ನಿಮ್ದಾ? ಯಾಕೆ ರಿಸ್ಕು ಅಂತ ನಾನೂ ಅಂದುಬಿಟ್ಟೆ" ಎಂದು ಮೊದಲ ಸಲ ನಕ್ಕಳು.

ಪೆನ್‌ಡ್ರೈವ್ ನನ್ನ ಕೈಗಿಟ್ಟಳು. "ಉಳಿದ ಒಂಬತ್ತಕ್ಕೆ ನೀವು ಹಾಕ್ರಿ. ನಾನು ಕೇಳ್ತಾ ಕೂತಿರ್ತೀನಿ."

ಮಾಡಿದ್ದುಣ್ಣೋ ಮಹರಾಯ. ಇಸ್ತ್ರಿ ಅಂಗಿಯ ತೋಳು ಮಡಚಿ ಒಂದೊಂದಕ್ಕೂ ಹಾಕುತ್ತ ಹೋದೆ. ಒಂದೊಂದು ಯಂತ್ರ ಮಾತಾಡಿದಾಗಲೂ ಅವಳು ಕುರ್ಚಿ ಎಳೆದುಕೊಂಡು ಬಂದು ಒಂದು ಸಾಲು ಟೈಪ್ ಮಾಡಿ ಕೇಳಿ, "ಹ್ಞೂಂ" ಎಂದರೆ ಮಾತ್ರ ಮುಂದಿನದು. ಒಂಬತ್ತೂ ಮುಗಿದ ಮೇಲೆ ರಿಜಿಸ್ಟರಿನಲ್ಲಿ ನನ್ನ ಹತ್ತು ಸಹಿಗಳನ್ನು ನಾನೇ ಹೊಡೆದುಹಾಕಿದೆ. ಅವಳ ಬೆರಳನ್ನು ಹಿಡಿದು ಅವುಗಳ ಪಕ್ಕದ ಖಾಲಿ ಜಾಗದ ಮೇಲೆ ಇಟ್ಟೆ. ಅವಳು ಪೆನ್ನು ಕೇಳಿದಳು.

ಮರುದಿನ ಸವಳಂಗದ ಬಸ್ಸು ಹತ್ತುತ್ತಲೇ, ದಿನಾ ಮತ್ತೆ ಮತ್ತೆ ಹಾಕುತ್ತಿದ್ದ ಸ್ಟೇಟಸ್ಸಿನಿಂದ ನನ್ನ ಪದ್ಧತಿಯ ಹೆಸರು ತೆಗೆದೆ. ಬದಲಿಗೆ ಏನು ಬರೆಯಲಿ ಎಂದು ನಾಲ್ಕು ಸ್ಟಾಪು ಯೋಚಿಸಿದೆ. ಏನೂ ಬರೆಯದೆ, ಜೇಬಿನಲ್ಲಿ ಅವಳ ಪೆನ್‌ಡ್ರೈವ್ ಇದೆಯೇ ಎಂದು ಇನ್ನೊಮ್ಮೆ ಮುಟ್ಟಿ ನೋಡಿಕೊಂಡೆ.